ರೇವಾದಿಂದ ಟ್ರಿಯೋವರೆಗೆ: ವಿದ್ಯುತ್ ವಾಹನೋದ್ಯಮ ವರ್ತಕರಿಗೆ ಕಲಿಸುವ ಪಾಠ

ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ವಿದ್ಯುತ್ತನ್ನು ಉತ್ಪಾದಿಸುತ್ತಿವೆ. ಆದರೆ ಅದೇ ಗುಡ್ಡಗಳ ಕೆಳಗೆ ಸೀರೆಯ ಗಂಟು, ಕಿರಾಣಿ ಮಾಲು, ಹೆಸರು ಮತ್ತು ಕಡಲೆಯ ಚೀಲಗಳನ್ನು ಹೊತ್ತು ಸಾಗುವ ವಾಹನಗಳು ಬಹುಮಟ್ಟಿಗೆ ಡೀಸೆಲ್ಲನ್ನೇ ಅವಲಂಬಿಸಿವೆ. ವಿದ್ಯುತ್ ವಾಹನವನ್ನು ಈಗ ಕೊಳ್ಳಬೇಕೇ ಅಥವಾ ಕಾಯಬೇಕೇ ಎಂಬುದು ರೋಣ, ನರಗುಂದ ಮತ್ತು ಗಜೇಂದ್ರಗಡದ ವರ್ತಕರ ಮುಂದಿರುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವವರು ನಮ್ಮ ರಾಜ್ಯದಲ್ಲೇ ಹುಟ್ಟಿದ ರೇವಾ ಕಾರಿನ ಇತಿಹಾಸವನ್ನು ಅಭ್ಯಸಿಸುವುದು ಉಪಯುಕ್ತ.

ಸ್ಥಾಪನೆ ಮತ್ತು ತಯಾರಿಕೆ

1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಹಾಗೂ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಗಳ ಸಹಭಾಗಿತ್ವದಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಆರಂಭವಾಯಿತು. ಅದರ ರೂವಾರಿ ಚೇತನ್ ಮೈನಿ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಸೌರಶಕ್ತಿ ಕಾರಿನ ತಂಡದಲ್ಲಿ ದುಡಿದವರು. ಏಳು ವರ್ಷಗಳ ಸಂಶೋಧನೆಯ ನಂತರ, 2001ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು.

ಇಬ್ಬರು ವಯಸ್ಕರು ಮತ್ತು ಇಬ್ಬರು ಮಕ್ಕಳು ಕೂರಬಹುದಾದ ಈ ಪುಟ್ಟ ವಾಹನಕ್ಕೆ ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಜೋಡಿಸಲಾಗಿತ್ತು. ತಗಡನ್ನು ಒತ್ತಿ ರೂಪಿಸುವ ದುಬಾರಿ ಅಚ್ಚುಗಳ ಅವಶ್ಯಕತೆ ಇದರಿಂದ ತಪ್ಪಿತು. ಅಲ್ಪ ಸಂಖ್ಯೆಯಲ್ಲಿ ತಯಾರಿಸುವ ಉದ್ದಿಮೆಗೆ ಇದು ಜಾಣ್ಮೆಯ ಕ್ರಮ. 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಸೇರಿ 48 ವೋಲ್ಟ್ ಆಗುತ್ತಿತ್ತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತದೆ ಎಂಬುದು ಕಂಪನಿಯ ಹೇಳಿಕೆಯಾಗಿತ್ತು.

ಮಾರುಕಟ್ಟೆಯ ಪರೀಕ್ಷೆ

ಲಂಡನ್ ನಗರ ತನ್ನ ಕೇಂದ್ರಭಾಗ ಪ್ರವೇಶಿಸುವ ವಾಹನಗಳಿಗೆ 2003ರಲ್ಲಿ ದಟ್ಟಣೆ ಶುಲ್ಕ ವಿಧಿಸಿ, ವಿದ್ಯುತ್ ವಾಹನಗಳಿಗೆ ವಿನಾಯಿತಿ ನೀಡಿತು. ಮರುವರ್ಷ ರೇವಾ ಅಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು ಜನಪ್ರಿಯವಾಯಿತು. ಅಂದರೆ ಗ್ರಾಹಕರನ್ನು ಸೆಳೆದುದರಲ್ಲಿ ಕಾರಿನ ಗುಣದಷ್ಟೇ ಪಾಲು ಆ ನಗರದ ಶುಲ್ಕನೀತಿಗೂ ಇತ್ತು. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಢಿಕ್ಕಿ ಪರೀಕ್ಷೆಯ ಫಲಿತಾಂಶ ಅದರ ಸುರಕ್ಷತೆಯ ಬಗ್ಗೆ ತೀವ್ರ ಟೀಕೆಗೆ ದಾರಿ ಮಾಡಿತು. ಅನಂತರ ಸುಧಾರಿತ ರೇವಾ-ಐ ಮತ್ತು 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿ ಬಂದವು. ಆದರೂ ಒಂದು ದಶಕದಲ್ಲಿ ಜಗತ್ತಿನಾದ್ಯಂತ ಮಾರಾಟವಾದ ಕಾರುಗಳು ಸುಮಾರು 4,000 ಮಾತ್ರ.

ಒಡೆತನದ ಬದಲಾವಣೆ

2010ರ ಮೇ ತಿಂಗಳಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯು ರೇವಾದ ಶೇ. 55.2ರಷ್ಟು ಪಾಲನ್ನು ಪಡೆಯಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ವಾಹನಗಳ ಸಾಮರ್ಥ್ಯದ ಕಾರ್ಖಾನೆ ಆರಂಭವಾಯಿತು. 2013ರಲ್ಲಿ ಇ2ಒ ಕಾರು, 2016ರಲ್ಲಿ ನಾಲ್ಕು ಬಾಗಿಲುಗಳ ಇ2ಒ ಪ್ಲಸ್ ಮತ್ತು ಇ-ವೆರಿಟೋ ಬಿಡುಗಡೆಯಾದವು. ಕಾರುಗಳ ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಇ2ಒ ಪ್ಲಸ್ 2019ರಲ್ಲಿ ನಿಂತಿತು.

ಸಂಸ್ಥೆಗೆ ಆಸರೆಯಾದುದು ಮೂರು ಚಕ್ರದ ವಾಹನ. 2018ರಲ್ಲಿ ಪ್ರಯಾಣಿಕರ ಟ್ರಿಯೋ, 2020ರಲ್ಲಿ 550 ಕಿಲೋ ಹೊರುವ ಸರಕು ವಾಹನ ಟ್ರಿಯೋ ಜೋರ್ ಬಂದವು. ದಿನವೂ ನಿಗದಿತ ದೂರ ಓಡಿ ರಾತ್ರಿ ಒಂದೇ ಸ್ಥಳಕ್ಕೆ ಮರಳುವ ವಾಹನಕ್ಕೆ ಬ್ಯಾಟರಿ ಹೆಚ್ಚು ಒಪ್ಪುತ್ತದೆ. ಎಕ್ಸ್‌ಯುವಿ400 ಕಾರು 2023ರಲ್ಲಿ ಮಾರುಕಟ್ಟೆಗೆ ಬಂದಿತು. ಬಿಇ 6 ಮತ್ತು ಎಕ್ಸ್‌ಇವಿ 9ಇ ಮಾದರಿಗಳು 2024ರಲ್ಲಿ ಅನಾವರಣಗೊಂಡವು. ಚೇತನ್ ಮೈನಿ ಅವರು 2017ರಲ್ಲಿ ಬ್ಯಾಟರಿ ಬದಲಾಯಿಸಿಕೊಡುವ ಸನ್ ಮೊಬಿಲಿಟಿ ಎಂಬ ಉದ್ದಿಮೆಯ ಸಹಸ್ಥಾಪಕರಾದರು.

ನಮ್ಮ ವರ್ತಕರಿಗೆ ಲೆಕ್ಕಾಚಾರ

ರೇವಾ ಕಾರಿನ ಬ್ಯಾಟರಿಗಳು ಹಿಡಿಯುತ್ತಿದ್ದುದು 10 ಯೂನಿಟ್‌ಗಿಂತ ತುಸು ಕಡಿಮೆ ವಿದ್ಯುತ್ತನ್ನು. ಎಂದರೆ ಒಂದು ಯೂನಿಟ್‌ಗೆ ಸುಮಾರು 8 ಕಿ.ಮೀ. ಯೂನಿಟ್ ದರ 8 ರೂಪಾಯಿ ಎಂದು ಭಾವಿಸಿದರೆ ಕಿ.ಮೀ.ಗೆ ವಿದ್ಯುತ್ ವೆಚ್ಚ 1 ರೂಪಾಯಿ. ಚಾರ್ಜ್ ಮಾಡುವಾಗಿನ ನಷ್ಟ ಬೇರೆ. ಇನ್ನು ಉದಾಹರಣೆಗೆ, 60,000 ರೂಪಾಯಿಯ ಬ್ಯಾಟರಿ 30,000 ಕಿ.ಮೀ. ಬಾಳಿತೆಂದುಕೊಳ್ಳಿ, ಆಗ ಬ್ಯಾಟರಿ ಸವಕಳಿಯೇ ಕಿ.ಮೀ.ಗೆ 2 ರೂಪಾಯಿ, ಅಂದರೆ ವಿದ್ಯುತ್ತಿನ ಎರಡರಷ್ಟು! ಆದುದರಿಂದ ಕರೆಂಟಿನ ಬಿಲ್ಲನ್ನು ಮಾತ್ರ ನೋಡಿ ಲಾಭ ಎಣಿಸುವುದು ತಪ್ಪು. ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಾಳುವುದಾದರೂ ಬೆಲೆ ಹೆಚ್ಚು. ನಮ್ಮ ಭಾಗದ ಬೇಸಿಗೆಯ ಬಿಸಿಲು ಎರಡರ ಆಯುಷ್ಯವನ್ನೂ ತಗ್ಗಿಸಬಲ್ಲದು.

ಆದ್ದರಿಂದ ಕೊಳ್ಳುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸಬೇಕು. ಒಂದು, ವಾಹನದ ದಿನದ ಓಡಾಟ ಮತ್ತು ಹೊರೆಯನ್ನು ಒಂದು ತಿಂಗಳು ವಹಿಯಲ್ಲಿ ಬರೆದಿಡುವುದು. ಪೇಟೆಯೊಳಗಿನ ಸಾಗಾಟಕ್ಕೆ ಒಪ್ಪುವ ವಾಹನ ನರಗುಂದದಿಂದ ಹುಬ್ಬಳ್ಳಿಗೆ ಹತ್ತಿಯ ಹೊರೆ ಒಯ್ಯಲು ಒಪ್ಪಲಾರದು. ಎರಡು, ಬ್ಯಾಟರಿಯ ಖಾತರಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂಬುದನ್ನು ಲಿಖಿತವಾಗಿ ಪಡೆಯುವುದು. ಮೂರು, ದುರಸ್ತಿ ಕೇಂದ್ರ ಎಷ್ಟು ಸಮೀಪವಿದೆ ಎಂದು ವಿಚಾರಿಸುವುದು. ವಾಹನ ನಿಂತ ದಿನದ ನಷ್ಟವನ್ನು ಯಾವ ಸಹಾಯಧನವೂ ತುಂಬಿಕೊಡದು.

ಸಹಾಯಧನವನ್ನು ಲಾಭವೆಂದು ಎಣಿಸದೆ ಲೆಕ್ಕ ಹಾಕಿದಾಗಲೂ ಉಳಿತಾಯ ಕಂಡರೆ, ಅಂಥ ವಾಹನವನ್ನು ಧೈರ್ಯವಾಗಿ ಕೊಳ್ಳಬಹುದು. ಬೇರೊಬ್ಬರ ನೀತಿಯ ಮೇಲೆ ನಿಂತ ಬೇಡಿಕೆ ಆ ನೀತಿ ಇರುವವರೆಗೆ ಮಾತ್ರ. ಸ್ವಂತ ಲೆಕ್ಕದ ಮೇಲೆ ನಿಂತ ವ್ಯಾಪಾರ ಮಾತ್ರ ಬಾಳುತ್ತದೆ.