ಗೌರಮ್ಮನ ಬಾಯಲ್ಲಿ ಯಾರ ಮಾತು?

ಚರಿತ್ರೆಯ ಕಾದಂಬರಿ ಬರೆಯಲು ಹೊರಟ ಮಕ್ಕಳೇ, ಈಚೆಗೆ ನಿಮ್ಮಲ್ಲೊಬ್ಬ ತನ್ನ ಹಸ್ತಪ್ರತಿ ಕೊಟ್ಟುಹೋದ. ಕೊಡಗಿನ ಕೊನೆಯ ದೊರೆ ಚಿಕವೀರರಾಜನ ಮಗಳು ಗೌರಮ್ಮ ಲಂಡನ್ನಿನಲ್ಲಿ ಕಿಟಕಿಯ ಬಳಿ ನಿಂತು, ತಾನು ಆಡಿ ಬೆಳೆದ ಮಡಿಕೇರಿ ಅರಮನೆಯನ್ನು ನೆನೆದು ಅಳುತ್ತಾಳೆ. ಓದುತ್ತ ನನ್ನ ಕಣ್ಣೂ ತುಂಬಿತು. ಆಮೇಲೆ ಕಳವಳವಾಯಿತು. ಈಸ್ಟ್ ಇಂಡಿಯಾ ಕಂಪನಿಯವರು ಕೊಡಗನ್ನು ಕಿತ್ತುಕೊಂಡದ್ದು 1834ರಲ್ಲಿ. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಆ ಅರಮನೆಯಲ್ಲಿ ಅವಳು ಒಂದು ದಿನವೂ ಆಡಿದವಳಲ್ಲ.

ಮಾಸ್ತಿಯವರು 1956ರಲ್ಲಿ ‘ಚಿಕವೀರ ರಾಜೇಂದ್ರ’ ಬರೆದಾಗ ಹೀಗೆ ಅವಸರಪಡಲಿಲ್ಲ. ರಾಜನ ಕ್ರೌರ್ಯವನ್ನು ಮುಚ್ಚಿಡಲಿಲ್ಲ, ಕಂಪನಿಯ ಹೊಂಚನ್ನೂ ಮರೆಯಲಿಲ್ಲ. ಎರಡು ವರ್ಷದ ನಂತರ ನೈಜೀರಿಯಾದ ಚಿನುವಾ ಅಚೆಬೆ ತಮ್ಮ ಮೊದಲ ಕಾದಂಬರಿ ಪ್ರಕಟಿಸಿದರು. ಅದರ ಕೊನೆಯಲ್ಲಿ ಬಿಳಿಯ ಅಧಿಕಾರಿಯೊಬ್ಬ, ನೇಣು ಹಾಕಿಕೊಂಡ ಕಥಾನಾಯಕ ಒಕೊಂಕ್ವೊನ ಬಗ್ಗೆ ತನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಬರೆದರೆ ಸಾಕು ಎಂದುಕೊಳ್ಳುತ್ತಾನೆ. ಆ ಒಂದು ಪ್ಯಾರಾದೊಳಗೆ ಹೂತುಹೋಗಲಿದ್ದ ಬದುಕನ್ನು ಅಚೆಬೆ ಕಾದಂಬರಿಯಾಗಿಸಿದರು. ಅದೂ ಇಂಗ್ಲಿಷಿನಲ್ಲೇ, ಅದರ ತುಂಬ ತಮ್ಮ ಇಗ್ಬೋ ಜನರ ಗಾದೆಗಳನ್ನು ತುಂಬಿ.

ನನ್ನ ಭಯ ಇಷ್ಟೇ: ಆ ಅಧಿಕಾರಿ ಮಾಡಹೊರಟದ್ದನ್ನೇ ನೀವು ಪ್ರೀತಿಯಿಂದ ಮಾಡುತ್ತಿದ್ದೀರಿ. 1852ರಲ್ಲಿ ಹನ್ನೊಂದರ ಆ ಹುಡುಗಿಗೆ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿ ತಾಯಿಯ ಸ್ಥಾನದಲ್ಲಿ ನಿಂತು ತನ್ನ ಹೆಸರನ್ನೇ ಇಟ್ಟಳು. ಮುಂದೆ ಬ್ರಿಟಿಷ್ ಸೇನಾಧಿಕಾರಿಯ ಜೊತೆ ಮದುವೆ, 1864ರಲ್ಲಿ ಸಾವು. ಇಂಥವಳನ್ನು ಬರೀ ಅಳುವ ಕೊಡಗಿನ ಮಗಳಾಗಿಸಿದರೆ ಅವಳ ಪಾಲಿಗೂ ಒಂದೇ ಪ್ಯಾರಾ ಉಳಿಯುತ್ತದೆ. ಅವಳಿಗೆ ಕನಸು ಬೀಳುತ್ತಿದ್ದದ್ದು ಯಾವ ಭಾಷೆಯಲ್ಲಿ? ಅಪ್ಪನ ಮಾತು, ಕಾಶಿಯ ಬೀದಿಯ ಮಾತು, ಆಮೇಲೆ ಕಲಿತ ಇಂಗ್ಲಿಷು, ಮೂರೂ ಅವಳ ನಾಲಿಗೆಯಲ್ಲಿ ತೊಡರಿರಲಾರವೇ? ಬರೆಯುವ ಮೊದಲು ಇದನ್ನು ಕೇಳಿಕೊಳ್ಳಿ.

ಬೆರಕೆ ಮಾತಿಗೆ ಹೆದರಬೇಡಿ. “ಬೀರುವಿನ ಚಾವಿ ಜವಾನನ ಹತ್ತಿರ ಇದೆ” ಎನ್ನುತ್ತಿದ್ದರು ನಮ್ಮಜ್ಜಿ. ಚಾವಿ ಪೋರ್ಚುಗೀಸರದು, ಜವಾನ ಪಾರಸಿಯಿಂದ ಬಂದವನು, ಬೀರು ಇಂಗ್ಲಿಷಿನ ದಾರಿಯಲ್ಲಿ ಬಂದದ್ದು. ಅಜ್ಜಿಗೆ ಅದೆಲ್ಲ ಕನ್ನಡವೇ. ನಿಮ್ಮ ಹಸ್ತಪ್ರತಿಗಳಲ್ಲಿ ಮಾತ್ರ ಹೊಲ ಉಳುವವನೂ ತೊಳೆದಿಟ್ಟ ಗ್ರಾಂಥಿಕ ಕನ್ನಡ ಆಡುತ್ತಾನೆ. ಕಂಪನಿಯ ಕಡತಗಳನ್ನು ಓದಿ, ಆದರೆ ಅಲ್ಲಿ ಯಾರ ಬಾಯಿ ಕಟ್ಟಿದ್ದಾರೆಂದೂ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಹತ್ತಿರ ಕೂತು ಕೇಳಿಸಿಕೊಳ್ಳಿ.

ಹಸ್ತಪ್ರತಿ ಕೊಟ್ಟ ಹುಡುಗನಿಗೂ ಒಂದು ಮಾತು. ಆ ಕಿಟಕಿಯ ಅಧ್ಯಾಯ ಹರಿದುಹಾಕಬೇಡಪ್ಪ. ಗೌರಮ್ಮ ಅಲ್ಲೇ ನಿಂತಿರಲಿ, ಅಪ್ಪ ಬಾಯಲ್ಲಿ ಹೇಳಿದ್ದಷ್ಟನ್ನೇ ಹಿಡಿದು ಮಡಿಕೇರಿಯನ್ನು ಕಟ್ಟಿಕೊಳ್ಳಲು ಹೆಣಗಲಿ. ಬರೆದು ತಾ, ಓದುತ್ತೇನೆ.