ಕಿರಿಯ ತರಗತಿಗಳಲ್ಲಿ ಕೃತಜ್ಞತೆಯ ಬೋಧನೆ: ನುಡಿ ಮತ್ತು ಅರಿವು

ಪ್ರಾಥಮಿಕ ಶಾಲೆಯ ಕಿರಿಯ ತರಗತಿಗಳಲ್ಲಿ ಕೃತಜ್ಞತೆಯ ಬೋಧನೆಯು ಬಹುಮಟ್ಟಿಗೆ 'ಧನ್ಯವಾದ' ಅಥವಾ 'ಥ್ಯಾಂಕ್ಸ್' ಎಂದು ಹೇಳಿಸುವುದರಲ್ಲಿಯೇ ಮುಗಿಯುತ್ತದೆ. ಪದರಚನೆಯ ದೃಷ್ಟಿಯಿಂದ 'ಧನ್ಯವಾದ'ವು ಹೇಳುವ ಕ್ರಿಯೆಯನ್ನು ಸೂಚಿಸಿದರೆ, 'ಕೃತಜ್ಞ' ಎಂಬುದಕ್ಕೆ ಪರರು ಮಾಡಿದ್ದನ್ನು ಅರಿತಿರುವವರು ಎಂಬ ಅರ್ಥವಿದೆ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆಯೂ ನೆನೆಯುವುದನ್ನೇ ವಿಧಿಸುತ್ತದೆ. ಅರಿವು ಮೊದಲು, ನುಡಿ ಅನಂತರ ಎಂಬ ಕ್ರಮವು ಹೀಗೆ ಭಾಷೆಯ ಬಳಕೆಯಲ್ಲಿಯೇ ಅಡಗಿದೆ.

ಮನೋವಿಜ್ಞಾನದ ಅಧ್ಯಯನಗಳು ಈ ಕ್ರಮವನ್ನು ಸಮರ್ಥಿಸುತ್ತವೆ. 1938ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ರಾನ್ಸಿಸ್ಕಾ ಬೌಮ್‌ಗಾರ್ಟನ್-ಟ್ರಾಮರ್ ಅವರು, ನಿನ್ನ ಅತಿ ದೊಡ್ಡ ಆಸೆ ಯಾವುದು, ಅದನ್ನು ಈಡೇರಿಸಿದವರಿಗೆ ಏನು ಮಾಡುವೆ ಎಂದು ಸ್ವಿಟ್ಜರ್ಲೆಂಡಿನ ಮಕ್ಕಳನ್ನು ಕೇಳಿದರು. ತನಗೆ ಪ್ರಿಯವಾದ ವಸ್ತುವನ್ನೇ ಕೊಡುವೆನೆಂಬ ಉತ್ತರ ಕಿರಿಯರಲ್ಲಿ ಹೆಚ್ಚಾಗಿತ್ತು. ಕೊಟ್ಟವರ ಅಗತ್ಯವನ್ನು ಕಾಣುವ ಉತ್ತರ ವಯಸ್ಸಿನೊಡನೆ ಬೆಳೆದಿತ್ತು. 2014ರಲ್ಲಿ ಜೆಫ್ರಿ ಫ್ರೋ ಮತ್ತು ಸಂಗಡಿಗರು ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ, ಉಪಕಾರಿಯ ಉದ್ದೇಶ, ಆತನ ಶ್ರಮ, ಪಡೆದವರಿಗಾದ ಪ್ರಯೋಜನ ಇವುಗಳನ್ನು ಆಲೋಚಿಸಲು ಕಲಿಸಿದಾಗ ಮಕ್ಕಳ ಕೃತಜ್ಞತೆ ಹೆಚ್ಚಿದುದನ್ನು ದಾಖಲಿಸಿದರು.

ಕನ್ನಡ ಪಾಠದಲ್ಲಿ ಇದಕ್ಕೆ ವಾಕ್ಯರಚನೆಯೇ ಸಾಧನವಾಗಬಲ್ಲದು. ಬಿಸಿಯೂಟವನ್ನು ಉದಾಹರಣೆಯಾಗಿ ನೋಡಬಹುದು. 'ಊಟವಾಯಿತು' ಎಂಬ ವಾಕ್ಯದಲ್ಲಿ ಮಾಡಿದವರಿಲ್ಲ. 'ಬಡಿಸಲಾಯಿತು' ಎಂಬಲ್ಲಿ ಅವರು ಮರೆಯಾಗಿದ್ದಾರೆ. 'ಅಡುಗೆಯ ಅಕ್ಕ ಅಕ್ಕಿ ಆರಿಸಿ, ಬೇಯಿಸಿ, ನಮಗೆ ಬಡಿಸಿದರು' ಎಂದು ಮಗು ವಿಸ್ತರಿಸಿದಾಗ ಕರ್ತೃವೂ ಆಕೆಯ ಶ್ರಮವೂ ಬೆಳಕಿಗೆ ಬರುತ್ತವೆ. ಯಾರು ಮಾಡಿದರು, ಏಕೆ ಮಾಡಿದರು, ಎಷ್ಟು ಶ್ರಮಪಟ್ಟರು, ನಮಗೇನಾಯಿತು ಎಂಬ ಪ್ರಶ್ನೆಗಳಿಗೆ ಒಂದನೆಯ ತರಗತಿಯವರು ಮಾತು-ಚಿತ್ರಗಳಲ್ಲಿ, ನಾಲ್ಕನೆಯವರು ಬರವಣಿಗೆಯಲ್ಲಿ ಉತ್ತರಿಸಬಹುದು.

ಇಲ್ಲಿ ಒಂದು ಎಚ್ಚರ ಅವಶ್ಯ. ಹಳಗನ್ನಡ ಕಾವ್ಯಗಳ 'ಜೋಳದಪಾಳಿ'ಯು ಉಂಡ ಅನ್ನವನ್ನು ಒಡೆಯನಿಗೆ ತೀರಿಸಬೇಕಾದ ಋಣವಾಗಿ ಭಾವಿಸುತ್ತದೆ. ಪಂಪನ ಕರ್ಣನು ತನ್ನ ಜನ್ಮವೃತ್ತಾಂತವನ್ನು ತಿಳಿದೂ ದುರ್ಯೋಧನನನ್ನು ತೊರೆಯದಿರುವುದು ಆ ಮೌಲ್ಯದ ಘನತೆಯನ್ನೂ ಬಂಧನವನ್ನೂ ಒಟ್ಟಿಗೆ ತೋರುತ್ತದೆ. ಬಡಮಗುವಿಗೆ ಶಾಲೆಯ ಅನ್ನವನ್ನು ಇಂತಹ ಋಣವೆಂದು ಬೋಧಿಸಿದರೆ ಕೃತಜ್ಞತೆಯು ದೈನ್ಯವಾಗಿ ಮಾರ್ಪಡುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆ ಊಟ ಮಗುವಿನ ಹಕ್ಕು. ಹಕ್ಕಿಗೆ ಯಾರ ಮುಂದೆಯೂ ತಲೆಬಾಗಬೇಕಿಲ್ಲ. ಆದರೆ ಅದನ್ನು ಬಟ್ಟಲಿಗೆ ತಲುಪಿಸಿದ ಕೈಗಳನ್ನು ಮರೆಯಲಾಗದು. ಈ ಎರಡನ್ನೂ ಒಟ್ಟಿಗೆ ಕಲಿಸುವಲ್ಲಿಯೇ ಭಾಷಾಶಿಕ್ಷಕರ ಹೊಣೆಗಾರಿಕೆಯಿದೆ.