ರೋಶನ್‌ಗೆ, ಖಡ್ಗ ಹಿಡಿಯುವ ಮುನ್ನ

ಪ್ರೀತಿಯ ರೋಶನ್,

ನೀನು ನಮ್ಮ ಕಥೊಲಿಕ ಗಂಡಸರ ಸಂಘ ನೈಟ್ಸ್ ಆಫ್ ಕೊಲಂಬಸ್‌ನ ಗೌರವ ಕಾವಲು ಪಡೆಗೆ ಸೇರಿದೆಯೆಂದು ಮಂಗಳೂರಿನಿಂದ ನಿನ್ನಮ್ಮ ಫೋನು ಮಾಡಿ ಹೇಳಿದಳು. ಹಿಗ್ಗಿಹೋದೆ. ನೀಲಿ ಕೋಟು, ಕಪ್ಪು ಬೆರೆ ಟೋಪಿಯಲ್ಲಿ ನಿಂತ ನಿನ್ನ ಫೋಟೋ ಕೂಡ ಬಂತು. ನಾನು ಆ ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲಕ್ಕೆ ದಿರಿಸೇ ಬೇರೆ. ಹೆಗಲಿಂದ ಇಳಿಬಿದ್ದ ಕಪ್ಪು ಕೇಪು, ಒಳಗೆ ಬಣ್ಣದ ಅಸ್ತರು, ತಲೆಯ ಮೇಲೆ ಗರಿಯಿಟ್ಟ ದೊಡ್ಡ ಟೋಪಿ. ಗರಿಯ ಬಣ್ಣ ನೋಡಿಯೇ ಯಾರ ಹುದ್ದೆ ಏನೆಂದು ಹೇಳಬಹುದಿತ್ತು. 2017ರಲ್ಲಿ ಸಂಘ ಅದನ್ನೆಲ್ಲ ಬದಲಿಸಿದಾಗ ಹಿರಿಯರು ಅನೇಕರು ನೊಂದುಕೊಂಡರು, ನಾನೂ. ಇವತ್ತಿಗೂ ನನಗೆ ಆ ಗರಿಯೇ ಚೆಂದ.

ಆದರೆ ಮಗಾ, ಸಂಘ ಮೊದಲು, ಪಡೆ ಆಮೇಲೆ. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ, ಸೇಂಟ್ ಮೇರಿ ಚರ್ಚಿನ ಫಾದರ್ ಮೈಕಲ್ ಮೆಕ್‌ಗಿವ್ನಿ ಇದನ್ನು ಕಟ್ಟಿದ್ದು, ದುಡಿಯುವ ಗಂಡಸು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು. 1873ರಲ್ಲಿ ತಮ್ಮ ತಂದೆ ತೀರಿಕೊಂಡಾಗ ಅವರೇ ಸೆಮಿನರಿಯ ಓದು ಬಿಟ್ಟು ಮನೆಗೆ ಬರಬೇಕಾಗಿತ್ತು. ಆ ಕಷ್ಟ ಅವರಿಗೆ ಗೊತ್ತಿತ್ತು. ಸಂಘದ ಸದಸ್ಯತ್ವದ ಮೆಟ್ಟಿಲುಗಳನ್ನು ಡಿಗ್ರಿ ಎನ್ನುತ್ತಾರೆ; ಅದರಲ್ಲಿ ನಾಲ್ಕನೆಯ ಡಿಗ್ರಿ ಬಂದದ್ದು 1900ರಲ್ಲಿ. ಅಮೆರಿಕದ ಕಥೊಲಿಕರ ನಿಷ್ಠೆ ದೇಶಕ್ಕೋ ಪೋಪರಿಗೋ ಎಂದು ಜನ ಅನುಮಾನಿಸುತ್ತಿದ್ದ ಕಾಲ. ಹಾಗಾಗಿ ದೇಶಭಕ್ತಿಯೇ ಅದರ ಧ್ಯೇಯವಾಯಿತು. ಬಾವುಟ, ಖಡ್ಗ ಹಿಡಿಯುವ ನಮ್ಮ ಪಡೆ ಆ ಡಿಗ್ರಿಯ ಕವಲು.

ಬಿಷಪರು ಬರುವ ದಿನ, ಹಬ್ಬದ ಮೆರವಣಿಗೆಯ ದಿನ ಎಲ್ಲರೂ ಬರುತ್ತಾರೆ. ಸದಸ್ಯರೊಬ್ಬರು ತೀರಿಕೊಂಡು, ವಾರದ ನಡುವೆ ಶವಪೆಟ್ಟಿಗೆಯ ಪಕ್ಕ ಸರದಿ ನಿಲ್ಲಲು ಕರೆ ಬಂದಾಗ ಜನ ಸಾಲುವುದಿಲ್ಲ. ನೀನು ಅದಕ್ಕೆ ಹೋಗು. ಮುಖ ಪರಿಚಯವಿಲ್ಲದವರಾದರೂ ಹೋಗು. ಫಾದರ್ ಮೆಕ್‌ಗಿವ್ನಿ ಚಿಂತಿಸಿದ್ದು ಅಂಥ ಮನೆಗಳ ಬಗ್ಗೆಯೇ.

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೊರಡು. ಮಂಡಿ ಸೆಟೆಸಿ ನಿಲ್ಲಬೇಡ, ತಲೆ ಸುತ್ತುತ್ತದೆ. ಬಿಳಿ ಕೈಗವಸು ಇನ್ನೊಂದು ಜೊತೆ ಜೇಬಿನಲ್ಲಿರಲಿ. ಸರದಿ ಮುಗಿದೊಡನೆ ಕಾರಿನತ್ತ ಓಡದೆ, ತೀರಿಹೋದವರ ಹೆಂಡತಿಯ ಹತ್ತಿರ ಎರಡು ನಿಮಿಷ ಕೂತುಕೋ. ವಿಮೆಯ ಕಾಗದ ಕೈಗೆ ಸಿಕ್ಕಿತೇ, ನಾಳೆ ಚರ್ಚಿಗೆ ಕರೆತರಲು ಯಾರಿದ್ದಾರೆ ಎಂದು ಕೇಳು. ಯಾರೂ ಇಲ್ಲವೆಂದರೆ ನೀನೇ ಕರೆದುಕೊಂಡು ಹೋಗು.

ನಿನ್ನ ಮಾಮ